ಅಕ್ಕನ ದನಿ ಎರಡು ಕಡೆ ಇರಲಿ

ನಿಮ್ಮ ಮನೆಯ ಕಂಪ್ಯೂಟರ್ ಎಂದಾದರೂ ಟಿಕ್ ಟಿಕ್ ಎಂದು ಸದ್ದು ಮಾಡಿದೆಯೇ? ಗಡಿಯಾರದಣ್ಣನ ಮನೆಯಲ್ಲಿ ಮಾಡಿತು. ಒಂದಲ್ಲ, ಮೂರು ದಿನ ಮಾಡಿತು. ಮೂರು ದಿನವೂ ಆ ಪುಣ್ಯಾತ್ಮ ಅದನ್ನು ಕೇಳಿ ಖುಷಿಪಟ್ಟ!

ಅವನನ್ನು ಬೈಯುವ ಮುಂಚೆ ಅವನ ಕಸುಬು ನೋಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೂವತ್ತು ವರ್ಷದಿಂದ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ನಿಂತುಹೋದ ವಾಚುಗಳನ್ನು ಮತ್ತೆ ನಡೆಸುತ್ತಾ ಬಂದವನು. ಅವನ ಪ್ರಕಾರ ಟಿಕ್ ಟಿಕ್ ಅಂದರೆ ಜೀವ ಇದೆ, ಸುಮ್ಮನಾದರೆ ಕಥೆ ಮುಗಿಯಿತು. ಕಂಪ್ಯೂಟರಿಗೂ ಅದೇ ಕಾನೂನು ಎಂದುಕೊಂಡ. ಹೇಳಿದರೆ ಕೇಳುವವನೂ ಅಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಆ ಕಂಪ್ಯೂಟರಿನಲ್ಲಿ ಏನಿತ್ತು ಗೊತ್ತೇ? ಅವನ ಹೆಂಡತಿಯ ದನಿ.

ಅವಳು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಎಂದು ಹೇಳುವವಳು. ಮುಖ ನೋಡದವರಿಗೂ ಆ ದನಿಯ ಗುರುತಿತ್ತು. ಈಗ ಗಂಟಲಲ್ಲಿ ಗಂಟು. ಗುರುವಾರ ಆಪರೇಷನ್. ಗಂಟಿನ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕು ಎಂದು ಡಾಕ್ಟರು ಹೇಳಿದ್ದರು. ಆಮೇಲೆ ಮಾತಿಲ್ಲ.

ಆದರೆ ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವಾಕೆ ಒಂದು ದಾರಿ ತೋರಿಸಿದ್ದಳು. "ದನಿ ಇರುವಾಗಲೇ ಆರು ನೂರು ವಾಕ್ಯ ಓದಿ ರೆಕಾರ್ಡ್ ಮಾಡಿಕೊಳ್ಳಿ. ಎಲ್ಲ ಮುಗಿದ ಮೇಲೆ ಒಟ್ಟಿಗೆ ತನ್ನಿ. ಮುಂದೆ ನೀವು ಟೈಪ್ ಮಾಡಿದ್ದನ್ನ ಒಂದು ಸಣ್ಣ ಯಂತ್ರ ನಿಮ್ಮದೇ ದನಿಯಲ್ಲಿ ಹೇಳುತ್ತೆ. ನಿಮ್ಮ ನಗು, ಗದರಿಕೆ, ಅವನ್ನೂ ಸೇರಿಸಿ. ಅವು ವಾಕ್ಯದಿಂದ ಹುಟ್ಟೋದಿಲ್ಲ."

ಮೂರು ವಾರ ಅವಳು ಹಿಂದಿನ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ಫ್ಯಾನ್ ಆರಿಸಿ, ಬೆವರಿಳಿಸಿಕೊಂಡು ಓದಿದಳು. ಅವಳು ಓದುವಷ್ಟು ಹೊತ್ತೂ ಗಡಿಯಾರದಣ್ಣ ಅಂಗಡಿಯ ಗೋಡೆ ಗಡಿಯಾರಗಳನ್ನೆಲ್ಲ ನಿಲ್ಲಿಸಿಬಿಡುತ್ತಿದ್ದ, ಮೈಕಿಗೆ ಅವುಗಳ ಸದ್ದು ಸಿಗಬಾರದೆಂದು. ಓದಿ ಮುಗಿಸಿದ ಮೇಲೆ ಅವಳ ಗಂಟಲು ಕಟ್ಟಿಹೋಗಿ, ಪಕ್ಕದಲ್ಲಿ ಕೂತವರಿಗೂ ಕಷ್ಟದಿಂದ ಕೇಳಿಸುವಂತಾಗಿತ್ತು. ಮತ್ತೊಮ್ಮೆ ಓದುವ ಮಾತೇ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಹೆಂಡತಿಯ ತಂಗಿ ಬಂದಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ಅವಳ ಕೆಲಸ. ಬಂದವಳು ಚೀಲ ಕೆಳಗಿಡುವ ಮುಂಚೆಯೇ ಕಿವಿ ನಿಮಿರಿಸಿದಳು.

"ಭಾವ, ಅದೇನು ಸದ್ದು?"

"ಯಾವುದು? ಓ, ಅದಾ? ಕಂಪ್ಯೂಟರು. ಮೂರು ದಿನದಿಂದ ಹಾಗೇ. ಲಯ ನೋಡು, ಎಷ್ಟು ಚೆನ್ನಾಗಿದೆ."

ಅವಳು ಮಂಡಿಯೂರಿ ಕಂಪ್ಯೂಟರಿನ ಡಬ್ಬಿಗೆ ಕಿವಿ ಇಟ್ಟಳು. ಎದ್ದಾಗ ಮುಖದಲ್ಲಿ ನಗು ಇರಲಿಲ್ಲ.

"ಭಾವ, ಇದು ಓಡೋ ಸದ್ದಲ್ಲ. ಒಳಗೆ ತಟ್ಟೆ ತಿರುಗ್ತಾ ಇರುತ್ತೆ, ಅದರ ಮೇಲೆ ಒಂದು ಸಣ್ಣ ಕಡ್ಡಿ ತಾಗಿಯೂ ತಾಗದ ಹಾಗೆ ಆಡಿ ಓದ್ತಾ ಇರುತ್ತೆ. ಈಗ ಓದೋಕಾಗದೆ ಹೋಗಿ ಬಂದು, ಹೋಗಿ ಬಂದು ಒದ್ದಾಡ್ತಿದೆ. ಇವತ್ತೋ ನಾಳೆಯೋ ನಿಂತುಬಿಡುತ್ತೆ. ಅಕ್ಕನ ದನಿ ಬೇರೆ ಎಲ್ಲಾದ್ರೂ ಇದೆಯಾ?"

"ಇಲ್ದೆ ಏನು?" ಗಡಿಯಾರದಣ್ಣ ಬೀರು ತೆಗೆದು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕಪ್ಪು ಡಬ್ಬಿಯೊಂದನ್ನು ತಂದ. "ಹೊರಗೆ ಹಾಕೋ ಹಾರ್ಡ್ ಡಿಸ್ಕ್. ಹದಿನಾರು ಟಿಬಿ, ಸಾವಿರಾರು ಸಿನಿಮಾ ಹಿಡಿಸುವಷ್ಟು ಜಾಗ! ಫುಟ್‌ಪಾತ್‌ನವನ ಹತ್ತಿರ ಚೌಕಾಸಿ ಮಾಡಿ ತಂದೆ. ಸಿನಿಮಾ, ಫೋಟೊ ಎಲ್ಲ ಹಾಕಿದ ಮೇಲೆ ಆ ಆರು ನೂರನ್ನೂ ಇದರಲ್ಲೇ ಹಾಕಿದ್ದೀನಿ. ನಾನೇನು ಅಷ್ಟು ಪೆದ್ದ ಅಂದ್ಕೊಂಡ್ಯಾ?"

"ತೆರೆದು ನೋಡಿದ್ರಾ?"

"ಹೆಸರೆಲ್ಲ ಸಾಲಾಗಿ ಕಾಣುತ್ತಲ್ಲ, ಇನ್ನೇನು ತೆರೆಯೋದು?"

ನಾದಿನಿ ಅದನ್ನು ಜೋಡಿಸಿದಳು. ಒಂದರಿಂದ ಆರು ನೂರರವರೆಗೆ ಹೆಸರುಗಳು ನಿಜಕ್ಕೂ ಇದ್ದವು. ಮೊದಲನೆಯದನ್ನು ಒತ್ತಿದಳು, ದನಿ ಬಂತು. ನೂರನೆಯದನ್ನು ಒತ್ತಿದಳು, ಬರಲಿಲ್ಲ. ಇನ್ನೂರು, ಇಲ್ಲ. ಐನೂರು, ಇಲ್ಲ.

"ಭಾವ, ಇದು ನಕಲಿ. ಇದರಲ್ಲಿರೋ ಜಾಗ ಅಂಗೈಯಷ್ಟು, ಹೇಳಿಕೊಳ್ಳೋದು ಮೈದಾನದಷ್ಟು. ತುಂಬಿದ ಮೇಲೆ ಹೆಸರು ಮಾತ್ರ ಬರೆದುಕೊಳ್ಳುತ್ತೆ, ಒಳಗಿನದು ಗಾಳಿಗೆ ಹೋಗುತ್ತೆ."

ಗಡಿಯಾರದಣ್ಣ ಸ್ಕ್ರೂಡ್ರೈವರ್ ತಂದು ಆ ಡಬ್ಬಿಯನ್ನು ಬಿಚ್ಚಿದ. ಒಳಗೆ ಉಗುರಿನಷ್ಟು ಒಂದು ಮೆಮೊರಿ ಕಾರ್ಡ್, ಕೈಗೆ ಭಾರ ಸಿಗಲೆಂದು ಗೋಂದಿನಲ್ಲಿ ಅಂಟಿಸಿದ್ದ ಎರಡು ಕಬ್ಬಿಣದ ನಟ್ಟು. ನಕಲಿ ವಾಚನ್ನು ಕಣ್ಣು ಮುಚ್ಚಿಕೊಂಡು, ಅಂಗೈಯಲ್ಲಿ ತೂಗಿಯೇ ಹೇಳುವ ಮನುಷ್ಯ! ನಟ್ಟುಗಳನ್ನು ನೋಡಿ ಮುಖ ಹುಳ್ಳಗಾಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಿರಾಕಿಗಳಿಗೆ ದಿನವೂ ಉಪದೇಶ ಮಾಡುವವನು ಅವನೇ.

ಪಕ್ಕದಲ್ಲಿ ಕೂತಿದ್ದ ಹೆಂಡತಿ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಇರು, ಇರು, ಗಾಬರಿ ಬೇಡ," ಎಂದ, ಗಾಬರಿ ಪೂರ್ತಿ ತನ್ನದೇ ಆಗಿದ್ದರೂ. "ಕಂಪ್ಯೂಟರಿನ ಡಿಸ್ಕೇ ತಾನೇ? ಬಿಚ್ಚಿ ಒಂದು ತೊಟ್ಟು ಎಣ್ಣೆ ಬಿಟ್ಟರೆ ಕಡ್ಡಿ ಸಲೀಸಾಗಿ ಆಡುತ್ತೆ."

"ಭಾವ! ಮುಟ್ಟಬೇಡಿ!" ನಾದಿನಿ ಅವನ ಕೈಯನ್ನೇ ಹಿಡಿದಳು. "ನೀವು ವಾಚು ಬಿಚ್ಚಿದಾಗ ಮೇಲೆ ಗಾಜಿನ ಬಟ್ಟಲು ಯಾಕೆ ಮುಚ್ಚಿಡ್ತೀರಿ?"

"ಧೂಳು ಬೀಳಬಾರದು ಅಂತ."

"ಇದಕ್ಕೆ ಕಣ್ಣಿಗೆ ಕಾಣದ ಧೂಳೂ ಸಾಕು. ಈ ಕೋಣೆಯಲ್ಲಿ ಬಿಚ್ಚಿದರೆ ಅಲ್ಲಿಗೆ ಮುಗೀತು."

ಧೂಳಿನ ಮಾತು ಅವನಿಗೆ ನಾಟಿತು. ಸ್ಕ್ರೂಡ್ರೈವರ್ ಕೆಳಗಿಟ್ಟ. ಮೂವತ್ತು ವರ್ಷದಲ್ಲಿ ಮೊದಲ ಸಲ, ಕೆಟ್ಟ ವಸ್ತುವೊಂದರ ಮುಂದೆ ಅವನ ಕೈ ಸುಮ್ಮನಾಯಿತು.

ನಾದಿನಿ ಕಂಪ್ಯೂಟರನ್ನು ಆರಿಸಿದಳು. "ಓಡ್ತಾ ಇದ್ದಷ್ಟೂ ಸವೆಯುತ್ತೆ. ಹೊಸ ಡಿಸ್ಕ್ ತರೋಕೆ ಅಂಗಡಿಗೆ ಹೋಗಿ ಬರೋವರೆಗೂ ಮಲಗಿರಲಿ."

"ಮತ್ತೆ ಹತ್ತಿಕೊಳ್ಳುತ್ತಾ?"

"ಗೊತ್ತಿಲ್ಲ ಭಾವ. ನಡೀರಿ."

ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವರಂತೆ ಇಬ್ಬರೂ ಓಡಿದರು. ಬಿಲ್ಲು, ಗ್ಯಾರಂಟಿ ಎರಡನ್ನೂ ಕೊಡುವ ಅಂಗಡಿ. ಗಾಜಿನ ಪೆಟ್ಟಿಗೆಯಲ್ಲಿ ಸಾಲು ಸಾಲು ಡಬ್ಬಿ.

"ದೊಡ್ಡದೇ ತಗೊಳ್ಳೋಣ," ಎಂದ ಗಡಿಯಾರದಣ್ಣ.

"ನಮ್ಮ ಹತ್ತಿರ ಇರೋದರ ಎರಡರಷ್ಟು ಜಾಗ ಇದ್ದರೆ ಸಾಕು. ಒಂದು ಟಿಬಿ ಧಾರಾಳ. ಇದು ತಟ್ಟೆ ತಿರುಗೋದು, ಬೆಲೆ ಕಡಿಮೆ, ಆದರೆ ಕೈ ಜಾರಿ ಬಿದ್ದರೆ ಕಷ್ಟ. ಇದು ಎಸ್‌ಎಸ್‌ಡಿ, ಒಳಗೆ ತಿರುಗೋದು ಏನೂ ಇಲ್ಲ, ಪೆಟ್ಟು ತಡೆಯುತ್ತೆ, ಬೆಲೆ ಜಾಸ್ತಿ. ಮನೆಯಲ್ಲಿ ಒಂದೇ ಕಡೆ ಇಡೋಕೆ ಮೊದಲನೇದೇ ಆಗುತ್ತೆ. ವೈರಿನ ತುದಿ ನಿಮ್ಮ ಕಂಪ್ಯೂಟರಿಗೆ ಕೂರುತ್ತಾ ನೋಡಬೇಕು, ಅಷ್ಟೇ. ಎರಡು ಕೊಡಿ ಇವರೇ."

"ಎರಡು ಯಾಕೆ? ಒಂದು ಸಾಲದಾ?"

"ನಿಮ್ಮ ಅಂಗಡಿ ಬೀಗಕ್ಕೆ ಕೀಲಿಕೈ ಎಷ್ಟು?"

"ಎರಡು. ಒಂದು ನನ್ನ ಹತ್ತಿರ, ಇನ್ನೊಂದು ನಿಮ್ಮ ಮನೇಲಿ."

"ಯಾಕೆ ನಮ್ಮ ಮನೇಲಿ?"

ಅವನು ಎರಡಕ್ಕೂ ಹಣ ಎಣಿಸಿಕೊಟ್ಟ. ಎರಡು ಡಬ್ಬಿಯನ್ನೂ ತಾನೇ ಹೊತ್ತು ನಡೆದ.

ಮನೆಗೆ ಬಂದು ಗುಂಡಿ ಒತ್ತಿದರೆ ಪರದೆ ಕಪ್ಪು. ಟಿಕ್. ಟಿಕ್. ಮಧ್ಯಾಹ್ನದವರೆಗೂ ಹಿತವಾಗಿದ್ದ ಆ ಸದ್ದು ಈಗ ಗಡಿಯಾರದಣ್ಣನಿಗೆ ಹಲ್ಲುನೋವಿನಂತೆ ತಲೆಗೇರುತ್ತಿತ್ತು. ಎಷ್ಟೋ ಹೊತ್ತಿಗೆ ಬೆಳಕು ಬಂತು.

ಹೊಸ ಡಿಸ್ಕನ್ನು ನೇರವಾಗಿ ಕಂಪ್ಯೂಟರಿಗೇ ಸಿಕ್ಕಿಸಿದರು. "ಫಾರ್ಮ್ಯಾಟ್ ಮಾಡಲೇ?" ಎಂದು ಪರದೆ ಕೇಳಿತು. ಅವನ ಬೆರಳು ಹೂಂ ಎನ್ನಲು ಹೊರಟಿತ್ತು.

"ತಾಳಿ! ಫಾರ್ಮ್ಯಾಟ್ ಅಂದರೆ ಪೂರ್ತಿ ಅಳಿಸಿ ಹೊಸದು ಮಾಡೋದು. ಯಾವುದನ್ನ ಅಂತ ಓದಿ ಮೊದಲು. ಒಂದು ಟಿಬಿ ಅಂತ ಇದೆಯಾ? ಹಾಗಾದರೆ ಹೊಸದೇ. ಈಗ ಒತ್ತಿ. ಎಕ್ಸ್‌ಫ್ಯಾಟ್ ಅನ್ನೋದನ್ನ ಆರಿಸಿ, ಆಸ್ಪತ್ರೆಯ ಕಂಪ್ಯೂಟರಿನಲ್ಲೂ ತೆರೆಯುತ್ತೆ. ಹೆಸರು ಹಾಕಿ."

"ಅಕ್ಕನ ದನಿ" ಎಂದು ಹೆಸರು ಹಾಕಿದ. ಅವಳು ಅಕ್ಕ ಆಗಿದ್ದು ತಂಗಿಗೆ, ಇವನಿಗಲ್ಲ. ಆ ಗಡಿಬಿಡಿಯಲ್ಲಿ ಯಾರೂ ನಗಲಿಲ್ಲ.

"ಕಟ್ ಮಾಡಿ ಆ ಕಡೆ ಹಾಕಿಬಿಡಲಾ?"

"ಬೇಡ. ಕಟ್ ಮಾಡಿದರೆ ಇಲ್ಲಿಂದ ಎತ್ತಿ ಅಲ್ಲಿಗೆ, ಆಗಲೂ ಇರೋದು ಒಂದೇ. ಕಾಪಿ ಮಾಡಿ. ಫೋಟೊ, ಸಿನಿಮಾ ಎಲ್ಲ ಆಮೇಲೆ. ಮೊದಲು ದನಿ."

ಹಸಿರು ಪಟ್ಟಿ ನಿಧಾನವಾಗಿ ತೆವಳಿತು. ನೂರು. ಇನ್ನೂರು. ಮುನ್ನೂರ ಎಂಬತ್ತೆಂಟರಲ್ಲಿ ನಿಂತಿತು. ಟಿಕ್ ಟಿಕ್ ಟಿಕ್ ಟಿಕ್. ಹೆಂಡತಿ ಅವನ ತೋಳು ಹಿಡಿದಳು. ಅವನಿಗೆ ದೇವರೂ ನೆನಪಾಗಲಿಲ್ಲ, ತಾನು ಆ ಸದ್ದನ್ನು ಹೊಗಳಿದ್ದೇ ನೆನಪಾಗುತ್ತಿತ್ತು.

"ಅದನ್ನ ಬಿಟ್ಟು ಮುಂದೆ ಹೋಗೋಣ," ಎಂದಳು ನಾದಿನಿ. "ಬರೋದನ್ನೆಲ್ಲ ಮೊದಲು ಉಳಿಸ್ಕೋಬೇಕು."

ಪಟ್ಟಿ ಮತ್ತೆ ತೆವಳಿತು. ಕಡೆಗೆ ಮೂರು ಬಿಟ್ಟು ಉಳಿದೆಲ್ಲವೂ ಬಂದವು. ಬಿಟ್ಟವುಗಳಿಗಾಗಿ ಮತ್ತೆ ಪ್ರಯತ್ನಿಸಿದರು. ಬರಲಿಲ್ಲ.

ಎರಡು ಸಾಮಾನ್ಯ ವಾಕ್ಯಗಳು. ಮೂರನೆಯದು ಅವಳ ನಗು.

ಹೆಂಡತಿ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. ಎರಡು ವಾಕ್ಯಗಳನ್ನು ಒಡಕು ದನಿಯಲ್ಲೇ ಓದಿದಳು. ಆಮೇಲೆ ನಗಲು ನೋಡಿದಳು. ಕೆಮ್ಮು ಬಂತು. ಇನ್ನೊಮ್ಮೆ ನೋಡಿದಳು. ಅದೂ ಕೆಮ್ಮೇ. ತಲೆಯಾಡಿಸಿ ಮೈಕನ್ನು ದೂರ ಸರಿಸಿದಳು. ಗಡಿಯಾರದಣ್ಣ ಎದ್ದು ಅಂಗಡಿಗೆ ಹೋಗಿ, ಯಾವ ಕೆಲಸವೂ ಇಲ್ಲದೆ ನಿಂತು ಬಂದ.

ಹೊಸ ಡಿಸ್ಕನ್ನು ಅವನು ಸೀದಾ ಎಳೆಯಲು ಹೋದಾಗ ನಾದಿನಿ ಇನ್ನೊಮ್ಮೆ ತಡೆದಳು. "ಇಜೆಕ್ಟ್ ಒತ್ತಿ, ತೆಗೆಯಬಹುದು ಅಂತ ಅದು ಹೇಳಿದ ಮೇಲೆ ತೆಗೀರಿ. ಬರೆಯುವಾಗ ಕೈ ಎಳೆದರೆ ಅಕ್ಷರ ಕೆಡುತ್ತಲ್ಲ, ಹಾಗೇ ಇದೂ. ಎರಡನೇದಕ್ಕೆ ಈ ಮುದುಕ ಕಂಪ್ಯೂಟರನ್ನ ಇನ್ನು ದುಡಿಸೋದು ಬೇಡ. ನಮ್ಮ ಮನೆ ಕಂಪ್ಯೂಟರಿನಲ್ಲಿ ಇದರಿಂದ ಅದಕ್ಕೆ ಮಾಡ್ಕೋತೀನಿ. ಬೇರೆ ಕಂಪ್ಯೂಟರಿನಲ್ಲಿ ತೆರೆಯುತ್ತಾ ಅಂತಲೂ ಗೊತ್ತಾಗುತ್ತೆ."

ಎರಡು ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಅವಳು ಹೊರಟಳು. ಆ ಎರಡು ಗಂಟೆ ಗಂಡ ಹೆಂಡತಿ ಫೋನನ್ನು ಮಧ್ಯೆ ಇಟ್ಟುಕೊಂಡು ಕೂತರು. ದಾರಿಯಲ್ಲಿ ಚೀಲ ಬಿದ್ದರೆ? ಅಲ್ಲೂ ತೆರೆಯದಿದ್ದರೆ? ಚಹಾ ಮಾಡಿದ, ಇಬ್ಬರೂ ಕುಡಿಯಲಿಲ್ಲ.

ಫೋನು ಬಂತು. ನಾದಿನಿ ರೆಕಾರ್ಡುಗಳನ್ನೇ ಕೇಳಿಸಿದಳು. ಮೊದಲನೆಯದು, ನಡುವಿನದೊಂದು, ಕೊನೆಯದು. ಗಂಟಲು ಕಟ್ಟುವ ಮುಂಚಿನ ದನಿ ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಕೋಣೆ ತುಂಬಿತು. ಆ ದನಿಯವಳು ಪಕ್ಕದಲ್ಲೇ ಮೌನವಾಗಿ ಕೂತು ಕೇಳುತ್ತಿದ್ದಳು. ಗಡಿಯಾರದಣ್ಣ ಮುಚ್ಚುಮರೆಯಿಲ್ಲದೆ ಅತ್ತುಬಿಟ್ಟ.

ಮರುದಿನ ಕಂಪ್ಯೂಟರ್ ಏಳಲಿಲ್ಲ. ಒಂದು ಡಿಸ್ಕ್ ನಾದಿನಿಯ ಮನೆಯಲ್ಲೇ ಉಳಿಯಿತು. ಇನ್ನೊಂದು ಬುಧವಾರ ಆಸ್ಪತ್ರೆಗೆ ಹೋಗಿ, ಕೆಲಸ ಮುಗಿಸಿಕೊಂಡು ಇವರ ಬೀರುವಿಗೆ ಬಂತು. ಗುರುವಾರ ಆಪರೇಷನ್ ಆಯಿತು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ, ಗಡಿಯಾರದಣ್ಣ ಸಣ್ಣ ಹಲ್ಲಿನ ಚಕ್ರವೊಂದನ್ನು ಚಿಮಟದಲ್ಲಿ ಹಿಡಿದಿದ್ದಾಗ ಒಳಗಿನಿಂದ ಕೇಳಿಸಿತು: "ಊಟಕ್ಕೆ ಬನ್ನಿ, ಆರಿಹೋಗುತ್ತೆ." ಅವಳದೇ ದನಿ. ಚಕ್ರ ಕೈಯಿಂದ ಜಾರಿ ಎಲ್ಲಿ ಹೋಯಿತೋ. ಅವನು ಹುಡುಕಲೂ ಇಲ್ಲ, ಓಡಿದ.

ತಟ್ಟೆಯ ಮುಂದೆ ಕೂತು, ಆ ಚಕ್ರ ಕಳೆದುಕೊಂಡ ಗಿರಾಕಿ ತನಗೆ ಏನೇನು ಮಾಡಬಹುದು ಎಂದು ನಟಿಸಿ ತೋರಿಸಿದ. ಅವಳ ಭುಜಗಳು ಕುಲುಕಿದವು, ಕಣ್ಣಲ್ಲಿ ನೀರು ಬಂತು, ಹೊಟ್ಟೆ ಹಿಡಿದುಕೊಂಡಳು. ಸದ್ದು ಮಾತ್ರ ಇಲ್ಲ. ಯಂತ್ರಕ್ಕೆ ಎಲ್ಲ ಬರುತ್ತದೆ, ಅದೊಂದು ಬರುವುದಿಲ್ಲ. ಗಡಿಯಾರದಣ್ಣ ಇಂದಿಗೂ ದಿನಕ್ಕೊಂದು ಸಲ ಅವಳನ್ನು ನಗಿಸುತ್ತಾನೆ. ಪ್ರತಿ ಸಲವೂ ಕಿವಿಗೊಟ್ಟು ಕಾಯುತ್ತಾನೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮನ್ನೇ ಕೇಳುತ್ತಿದ್ದೇನೆ. ನಿಮ್ಮ ಕಂಪ್ಯೂಟರಿನಲ್ಲೋ ಫೋನಿನಲ್ಲೋ, ಮತ್ತೆ ಸಿಗದಂಥದ್ದು ಏನಿದೆ? ಮಗುವಿನ ಮೊದಲ ಮಾತೋ, ಇಲ್ಲದವರ ಫೋಟೊವೋ, ಮನೆಯ ಕಾಗದಪತ್ರವೋ? ಅದು ಒಂದೇ ಕಡೆ ಇದ್ದರೆ, ಇದೆ ಎಂದು ನೆಚ್ಚಿಕೊಳ್ಳಬೇಡಿ. ಬಿಲ್ಲು ಕೊಡುವ ಅಂಗಡಿಯಿಂದ ಡಿಸ್ಕ್ ತನ್ನಿ, ಕಾಪಿ ಮಾಡಿ. ತೆರೆದು, ಕೇಳಿ, ನೋಡಿ. ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ. ಪಾಸ್‌ವರ್ಡ್ ಹಾಕಿದರೆ ನೀವು ನಂಬುವ ಇನ್ನೊಬ್ಬರಿಗೂ ತಿಳಿದಿರಲಿ. ತಿಂಗಳಿಗೊಮ್ಮೆ ಹೊಸದನ್ನು ಸೇರಿಸಿ.

ಒಂದು ಸಂಜೆಯ ಕೆಲಸ ಇದು. ಈ ಕಾಗದ ಮಡಿಸಿಟ್ಟು ಏಳಿ, ನಿಮ್ಮವರ ನಗು ಎಲ್ಲಿದೆ ಎಂದು ಮೊದಲು ಹುಡುಕಿ.