ಮಗುಚಿದ ದೋಣಿಯ ಕೆಳಗೆ

ನಮ್ಮ ಶಾಲೆಯ ದೋಣಿಗೆ ನಿಯಮ ಬರೆದವಳು ನಾನೇ. ಶಿಕ್ಷಕರು ತುಂಗಭದ್ರೆಯಲ್ಲಿ ದೋಣಿ ಮಗುಚಿ, ಅದರ ಕೆಳಗಿನಿಂದ ಹಲಗೆಗೆ ಮೂರು ಸಲ ಬಡಿದು ಹೊರಬರಬೇಕು. ಬಡಿಯದವರು ನಪಾಸು. ಪಾಸಾದವರು ಮಾತ್ರ ಮಕ್ಕಳನ್ನು ದೋಣಿಯಲ್ಲಿ ಕರೆದೊಯ್ಯಬಹುದು.

ಹೋದ ವರ್ಷ ಬೆಟಗೇರಿಯ ನೇಕಾರರ ಮನೆಯ ಪ್ರಲ್ಹಾದ ಮಾಸ್ತರರು ಬಡಿಯಲಿಲ್ಲ, ಹೊರಗೂ ಬರಲಿಲ್ಲ. ಹೆಣ ಮರುದಿನ ಸಿಕ್ಕಿತು. ಆಗಲೂ ನಾನು ನಪಾಸು ಎಂದೇ ಬರೆದೆ. ನಿಯಮ ಅಂದರೆ ನಿಯಮ ಎಂದು ಎಲ್ಲರೊಡನೆ ಜಗಳವಾಡಿದೆ.

ಇವತ್ತು ಬೆಳಿಗ್ಗೆ ಹೊಸ ಶಿಕ್ಷಕಿ ನೇತ್ರಾ ಮೂರು ಸಲ ಬಡಿದು, ಈಜಿ ಬಂದು ದಡದಲ್ಲಿ ನನ್ನ ಪಕ್ಕ ಕುಳಿತಳು. ಪಾಸು ಎಂದು ಬರೆಯುತ್ತಿದ್ದೆ.

ಮಗುಚಿದ ದೋಣಿಯೊಳಗಿಂದ ಮತ್ತೆ ಸದ್ದು ಬಂತು. ಮೊದಲು ಒಂದು, ತಡೆದು ಎರಡು. ಮಾಸ್ತರರು ಬೆಂಚಿನ ಮೇಲೆ ಹಾಗೇ ಮಗ್ಗದ ಲಯ ಬಾರಿಸುತ್ತಿದ್ದರು.

ಅಂಬಿಗ ಹುಲಗಪ್ಪ ನೀರನ್ನೇ ನೋಡುತ್ತ ಅಂದ, "ಅಕ್ಕೋರ, ಮೂರು ಆದೂವು. ಅವರನ್ನೂ ಪಾಸ್ ಮಾಡಿಬಿಡ್ರಿ. ಹೋಗ್ಲಿ ಪಾಪ."

ಮಾಸ್ತರರ ಹೆಸರಿನ ಮುಂದಿದ್ದ ನಪಾಸು ಹೊಡೆದು ಪಾಸು ಎಂದು ಬರೆದೆ. ಸದ್ದು ನಿಂತಿತು.

ದೋಣಿ ತಾನಾಗಿ ಹೊರಳಿ ನೆಟ್ಟಗಾಯಿತು. ಮಕ್ಕಳು ಸಾಲಾಗಿ ಕಾಯುತ್ತಿದ್ದ ಕಟ್ಟೆಯತ್ತ ಮೆಲ್ಲಗೆ ಬರತೊಡಗಿತು.