ಹೊಸ ಹಲ್ಲಿನ ಮಾತು

ಒಳಗೆ ಉಜ್ಜುವ ಯಂತ್ರದ ಸದ್ದು ನಿಂತಿತು, ಮತ್ತೆ ಶುರುವಾಯಿತು, ಎಲ್ಲೋ ಒತ್ತುತ್ತಿರಬೇಕು, ಹಲ್ಲಿನ ಸೆಟ್ಟು ಹೊಸ ಚಪ್ಪಲಿಯ ಹಾಗೆ, ಸ್ವಲ್ಪ ದಿನ ಕಚ್ಚುತ್ತೆ ಅಂದಿದ್ದರು ಡಾಕ್ಟರಮ್ಮ, ಹಲ್ಲು ಕಚ್ಚದೆ ಇನ್ನೇನು ಮಾಡೀತು — ನಗು ಬರಬೇಕಿತ್ತು, ಬರಲಿಲ್ಲ, ಬೆಳಗ್ಗೆ ಹೆಂಡತಿಗೆ ಸ್ನಾನ ಮಾಡಿಸಿ ಹೊರಡಿಸುವಷ್ಟರಲ್ಲೇ ಜೀವ ಅರ್ಧವಾಗಿದೆ. ರೈಲು ನಿಲ್ದಾಣದ ಮೈಕಿನ ಮುಂದೆ ಕೂತು ಗಾಡಿಗಳ ಹೊತ್ತು ಹೇಳುತ್ತಿದ್ದವಳು ನನ್ನ ಹೆಂಡತಿ, ಊರಿನ ಹೆಸರುಗಳು ಅವಳ ಬಾಯಲ್ಲಿ ತೊಳೆದಿಟ್ಟ ಲೋಟದಂತೆ ಹೊಳೆಯುತ್ತಿದ್ದವು, ನಾನು ಟಿಕೆಟ್ ನೋಡುವವನು, ಮುಖ ನೋಡುವ ಮೊದಲೇ ದನಿಗೆ ಮರುಳಾದವನು — ಆಮೇಲೆ ಹಲ್ಲು ಒಂದೊಂದೇ ಹೋದವು, ಊರುಗಳೂ ಹೋದವು, ಹಲ್ಲು ಹೋಗಿದ್ದಕ್ಕೇ ಮರೆವು ಬಂತಾ ಡಾಕ್ಟ್ರೇ, ಮೊದಲ ಸಲ ಇಲ್ಲಿಗೆ ಬಂದ ದಿನ ಮಗಳು ಕೇಳಿದ್ದಳು, ಹಾಗಂತ ಖಂಡಿತ ಹೇಳೋಕಾಗಲ್ಲಮ್ಮ, ಎರಡಕ್ಕೂ ನಂಟಿದೆ ಅಂತಾರೆ, ಅಗಿಯೋದು ನಿಂತ್ರೆ ಮೆದುಳಿಗೂ ಕೆಲಸ ಕಮ್ಮಿ ಆಗುತ್ತೇನೋ, ಮರೆವು ಬಂದೋರು ಹಲ್ಲುಜ್ಜೋದನ್ನೂ ಮರೀತಾರಲ್ಲ, ಯಾವುದರಿಂದ ಯಾವುದು ಅಂತ ಹೇಗೆ ಹೇಳಲಿ, ಸೆಟ್ ಹಾಕಿಸಿ, ಅಗಿದು ತಿನ್ನಲಿ — ಅಷ್ಟಕ್ಕೇ ಹಿಗ್ಗಿದಳು ಮಗಳು, ಹಲ್ಲು ಬಂದ್ರೆ ಅಮ್ಮ ಸರಿಹೋಗ್ತಾಳೆ ಅಪ್ಪಾ, ಹೂಂ ಅಂದೆ, ಹೂಂ ಅನ್ನುವುದಕ್ಕೆ ಹಲ್ಲೂ ಬೇಡ, ನಂಬಿಕೆಯೂ ಬೇಡ.

ಮಗಳಿಗೆ ಹೇಳದ್ದು ಒಂದಿದೆ, ಸಂಜೆಯಾದರೆ ಇವಳು ಬೊಚ್ಚುಬಾಯಲ್ಲಿ ನನ್ನ ಕಡೆ ತಿರುಗಿ ಏನೋ ಕೇಳುತ್ತಾಳೆ, ದಿನಾ ಅದೇ ಮಾತು, ಅರ್ಧ ಗಾಳಿ, ನೀರು ಬೇಕಾ ಅನ್ನುತ್ತೇನೆ, ಕೊಡುತ್ತೇನೆ, ಕುಡಿದು ಮತ್ತೆ ಅದನ್ನೇ ಕೇಳುತ್ತಾಳೆ, ದಿಂಬಾ, ದಿಂಬು ಸರಿಸುತ್ತೇನೆ, ಅರ್ಥವಾಗದಿದ್ದರೆ ಉತ್ತರ ಕೊಡುವ ಕಷ್ಟವಿಲ್ಲವಲ್ಲ, ಹಾಗೇ ನಡೆಯಲಿ ಅಂತ — ಬಾಗಿಲು ತೆರೆಯಿತು, ಮಗಳು ಕೈ ಹಿಡಿದು ಕರೆತರುತ್ತಿದ್ದಾಳೆ, ಕೆನ್ನೆ ತುಂಬಿವೆ, ಅಯ್ಯೋ, ಅದೇ ಮುಖ, ಮೈಕಿನ ಮುಂದಿನ ಅದೇ ಮುಖ, ಎದೆ ಹಾರಿತು ಈ ವಯಸ್ಸಲ್ಲೂ, ಮಾತು ಎಷ್ಟು ಸ್ಪಷ್ಟ ಕೇಳಪ್ಪಾ, ಮಾತಾಡಿಸ್ತಿರು, ಔಷಧಿ ತಂದುಬಿಡ್ತೀನಿ, ಹೋದಳು. ಇವಳು ಬೆಂಚಿನ ಮೇಲೆ ನನ್ನ ಪಕ್ಕ ಕೂತಳು, ತಿರುಗಿದಳು, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಹಳೆಯ ಆ ದನಿಯಲ್ಲೇ — ನಿಮ್ಮ ಹೆಂಡತಿ ಇನ್ನೂ ಬಂದಿಲ್ವಾ? ಇದೇ, ಸಂಜೆ ಸಂಜೆ ಕೇಳುತ್ತಿದ್ದದ್ದು ಇದೇ, ನೀರಲ್ಲ, ದಿಂಬಲ್ಲ, ಈಗ ತಪ್ಪಿಸಿಕೊಳ್ಳುವ ಹಾಗಿಲ್ಲ, ಬರ್ತಾಳೆ, ಇನ್ನೇನು ಬರ್ತಾಳೆ, ಅಂದೆ, ಪಾಪ, ಬಂದ್ರೆ ನಿಂತ್ಕೋಬೇಕಾಗುತ್ತೆ ಅನ್ನುತ್ತಾ ಇವಳು ಆಚೆ ಸರಿದು ಜಾಗ ಬಿಟ್ಟಳು, ಬಿಟ್ಟ ಜಾಗವನ್ನು ಅಂಗೈಯಿಂದ ಒರೆಸಿದಳು — ನಮ್ಮಿಬ್ಬರ ನಡುವೆ ಆ ಜಾಗ, ಒರೆಸಿಟ್ಟ ಆ ಖಾಲಿ ಜಾಗ, ಆ ಜಾಗ