ಅಂಕಮ್ಮನ ಬಾವಿಯ ನೀರು

"ಹಂಡೆ ಅಲ್ಲಾಡಿಸ್ಬ್ಯಾಡಿ!" ಎಂದು ಕೂಗಿ ವಿಮಲಮ್ಮ ಎರಡೂ ಕೈಯಿಂದ ಹಂಡೆಯ ಕಂಠ ಹಿಡಿದುಕೊಂಡಳು. ಎತ್ತಲು ಬಗ್ಗಿದ್ದ ಗಂಡ ಬಸವರಾಜು ಹಿಂದೆ ಸರಿದ.

ಅಂಗಳದ ಹಲಗೆಯ ಮೇಲೆ ಅತ್ತೆ ಅಂಕಮ್ಮನ ಹೆಣ. ಮೈ ತೊಳೆಯಲೆಂದು ಅವಳದೇ ಬಾವಿಯಿಂದ ಸೇದಿದ ನೀರು ಕಾಫಿ ಡಿಕಾಕ್ಷನ್ನಿನಂತಿತ್ತು, ನಾರುತ್ತಿತ್ತು. ಅಂಕಮ್ಮನ ಮೈದುನ ಕರಿಯಪ್ಪ ಬೇಲಿಯಾಚೆ, ನಾರು ತೆಗೆಯಲು ತೆಂಗಿನ ಮಟ್ಟೆ ಕೊಳೆಹಾಕುವ ಗುಂಡಿ ತೋಡಿಸಿದಂದಿನಿಂದ ಬಾವಿಯ ಗತಿ ಅದೇ. ವಿಮಲಮ್ಮ ನುಗ್ಗೆಬೀಜ ಕುಟ್ಟಿ, ನೀರಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ ಹಂಡೆಗೆ ಬಿಟ್ಟು ತಿರುವಿದ್ದಳು. ಕೊಳೆ ಹೆಪ್ಪುಗಟ್ಟಿ ಈಗಷ್ಟೇ ತಳಕ್ಕಿಳಿಯತೊಡಗಿತ್ತು.

"ಹೊತ್ತು ಇಳೀತಾ ಐತೆ ಕಣಮ್ಮ," ಎಂದ ಕರಿಯಪ್ಪ ಜಗಲಿಯಿಂದಲೇ. "ನಮ್ ಬೋರಿನ ನೀರು ಡ್ರಮ್ಮಲ್ಲಿ ತಂದಿವ್ನಿ. ಬೇಗ ಹುಯ್ದು ಎತ್ರಪ್ಪ ಅತ್ಲಾಗೆ."

"ಸತ್ತೋಳಿಗೆ ಸಾರು ಕಾಯಿಸ್ತವ್ಳಾ ಇವ್ಳು?" ಎಂದು ನೆಂಟ ದುರ್ಗಯ್ಯ ಗೊಣಗಿದ.

"ನುಗ್ಗೆ ಸಾರು ಕಣ್ಲಾ. ನಿಂಗೂ ಒಂದ್ ಲೋಟ ಕೊಡ್ತಾಳೆ, ಸುಮ್ಕಿರು," ಎಂದಳು ಪಕ್ಕದ ಮನೆಯ ಮುದುಕಿ ಸಿದ್ದಮ್ಮ.

ಬಸವರಾಜು ಹೆಂಡತಿಯ ಕಿವಿಯ ಬಳಿ ಬಗ್ಗಿದ. "ಚಿಕ್ಕಪ್ಪ ತಾನೇ ಕಣೇ. ಬುಡು."

"ಬುಡಾಕಿಲ್ಲ."

*

ಹೋದ ಬೇಸಿಗೆಯಲ್ಲಿ ಅಂಕಮ್ಮ ಗುಂಡಿ ಮುಚ್ಚಿಸೆಂದು ಕೇಳಲು ಹೋಗಿದ್ದಳು. ಕರಿಯಪ್ಪ ನಕ್ಕಿದ್ದ. "ಬಾವಿ ಮುಚ್ಬುಡಿ ಅತ್ತಿಗೆ. ನೀರು ನಾನ್ ಕೊಡ್ತೀನಿ."

ಮನೆಗೆ ಬಂದವಳೇ ನುಗ್ಗೆಬೀಜ ಬಿಡಿಸಲು ಕೂತಳು.

"ಅತ್ತೆಮ್ಮ, ಇದ್ನ ಕುಡಿಯಾಕಂತೂ ಆಗಕಿಲ್ಲ. ಅವರ ನೀರು ಹಿಡ್ಕಂಡ್ರೆ ಏನ್ ಗಂಟು ಹೋಯ್ತದೆ?" ಎಂದು ವಿಮಲಮ್ಮ ರೇಗಿದ್ದಳು.

"ಹಿಡ್ದ್ರೆ ಗುಂಡಿ ಸರಿ ಅಂತ ಒಪ್ಪಿದಂಗೆ ಕಣೇ. ಬಟ್ಟೆಗೆ, ದನದ ಮೈಗೆ ಇದೇ ಸಾಕು. ನಾಳೆ ನನ್ ಹೆಣಕ್ಕೂ ಇದೇ. ನೋಡಿಲ್ಲಿ, ಮೊದ್ಲು ಜೋರಾಗಿ ತಿರುವು, ಆಮ್ಯಾಕೆ ಮೆತ್ತಗೆ. ಆಮ್ಯಾಕೆ ಕೈಕಟ್ಕಂಡು ಕೂತ್ಕಾ. ಕೂರೋದೇ ಕಷ್ಟ."

*

ವಿಮಲಮ್ಮ ಹಂಡೆಗೆ ಬೆರಳದ್ದಿದಳು. ನೀರಿಗೆ ಚೂರು ಹಳದಿ ಉಳಿದಿದ್ದರೂ ಉಗುರು ಕಾಣುತ್ತಿತ್ತು.

"ಬನ್ನಿ," ಎಂದಳು.

ಬಸವರಾಜು ಮೊದಲು ಹುಯ್ದ. ಆಮೇಲೆ ಹೆಂಗಸರು, ನೆಂಟರು, ಒಬ್ಬೊಬ್ಬರೂ ಒಂದೊಂದು ಚೊಂಬು. ಕೊನೆಗೆ ಉಳಿದವನು ಕರಿಯಪ್ಪ. ಅವನು ತನ್ನ ಡ್ರಮ್ಮಿನ ಕಡೆ ತಿರುಗಿದ. ವಿಮಲಮ್ಮ ಚೊಂಬು ಚಾಚಿದಳು.

"ಈ ಹಂಡೆ ನೀರೇ ಹುಯ್ಯಿರಿ, ಚಿಕ್ಕಮಾವ."

ಕರಿಯಪ್ಪ ಚೊಂಬು ಹಿಡಿದು ಹಂಡೆಯೊಳಗೆ ಬಗ್ಗಿದ. ತಿಳಿನೀರು ತಳದ ಮೇಲೆ ತೆಳ್ಳಗೆ ಉಳಿದಿತ್ತು. ಚೊಂಬಿನ ಅಂಚು ತಾಗಿದ್ದೇ ತಡ, ಅವನ ಗುಂಡಿಯದೇ ಬಣ್ಣದ ಗಸಿ ಭುಗ್ಗನೆ ಎದ್ದಿತು. ಕೈ ಹಿಂದಕ್ಕೆಳೆದುಕೊಂಡ.

"ಬೇಗ ಕಣಣ್ಣ, ಹೊತ್ತಾಯ್ತು!" ಎಂದ ದುರ್ಗಯ್ಯ ಚಟ್ಟದ ಬಳಿಯಿಂದ.

"ತಡ್ಕಳ್ರಲಾ," ಎಂದ ಕರಿಯಪ್ಪ. ಬರಿಯ ಚೊಂಬನ್ನು ತೊಡೆಯ ಮೇಲಿಟ್ಟುಕೊಂಡು, ಅತ್ತಿಗೆಯ ಕಾಲ ಬಳಿಯೇ, ಗಸಿ ಇಳಿಯುವುದನ್ನು ನೋಡುತ್ತ ಕುಕ್ಕರುಗಾಲಲ್ಲಿ ಕೂತ.